ದೇವರು ಕರೀತಿದ್ದಾರಾ, ಇಲ್ಲ ನಾನೇ ಹಾಗಂದ್ಕೊಂಡಿದ್ದೀನಾ? ಕಾನ್ವೆಂಟ್ ಸೇರೋ ಯೋಚನೆಯಲ್ಲಿರೋ ತಂಗಿಗೊಂದು ಉತ್ತರ

ಪ್ರಶ್ನೆ: ಸಿಸ್ಟರ್, ನಂಗೆ 24 ವರ್ಷ, ಡಿಗ್ರಿ ಮುಗಿಸಿ ಕೆಲಸದಲ್ಲಿದ್ದೀನಿ. ಎರಡು ವರ್ಷದಿಂದ ಸಿಸ್ಟರ್ ಆಗ್ಬೇಕು ಅನ್ನೋ ಆಸೆ ಬಂದು ಹೋಗಿ ಮಾಡ್ತಿದೆ. ರಿಟ್ರೀಟ್ (ಪ್ರಾರ್ಥನೆಯ ಶಿಬಿರ) ಮುಗಿಸಿ ಬಂದಾಗ ನಾಳೇನೇ ಹೊರಟುಬಿಡೋಣ ಅನ್ಸತ್ತೆ, ಒಂದು ತಿಂಗಳಾದ್ಮೇಲೆ ಎಲ್ಲಾ ಬರೀ ಕಲ್ಪನೆ ಅನ್ಸತ್ತೆ. ಹೋದ ವರ್ಷ ನಾನು ಪ್ರೀತಿಸ್ತಿದ್ದ ಹುಡುಗನ ಜೊತೆ ಸಂಬಂಧ ಮುರಿದುಬಿತ್ತು, ಅದಕ್ಕೇ ನೀನು ಓಡಿಹೋಗೋಕೆ ನೋಡ್ತಿದ್ದೀಯ ಅಂತಾರೆ ಅಮ್ಮ. ಎಜುಕೇಷನ್ ಲೋನ್ ಇನ್ನೂ ತೀರಿಲ್ಲ. ಪ್ರಭುವೇ ಒಂದು ಗುರುತು ಕೊಡು ಅಂತ ಪ್ರಾರ್ಥನೆ ಮಾಡ್ತಾನೇ ಇದ್ದೀನಿ, ಏನೂ ಸಿಕ್ಕಿಲ್ಲ. ಇದು ನಿಜವಾದ ದೈವಕರೆ ಹೌದಾ ಅಂತ ಹೇಗೆ ತಿಳ್ಕೊಳ್ಳೋದು? ಹೌದು ಅಂತಾದ್ರೆ ಯಾವ ಸಭೆಗೆ, ಅಂದ್ರೆ ಸಿಸ್ಟರುಗಳ ಯಾವ ಸಂಘಕ್ಕೆ ಹೋಗೋದು?

ಉತ್ತರ: ಪ್ರೀತಿಯ ತಂಗಿ, ಮೊದ್ಲು ಆ ಗುರುತಿನ ವಿಷಯ ಮಾತಾಡ್ಬಿಡೋಣ, ಯಾಕಂದ್ರೆ ಎರಡು ವರ್ಷದಿಂದ ನಿನ್ನನ್ನ ಇದ್ದಲ್ಲೇ ನಿಲ್ಲಿಸಿರೋದು ಅದೇ ಅಂತ ನಂಗನ್ಸತ್ತೆ. ಗುರುತು ಕೇಳೋದು ಪಾಪ ಏನಲ್ಲ, ಬೈಬಲಿನ ಗಿದ್ಯೋನ ಕಣದಲ್ಲಿ ಉಣ್ಣೆ ಹಾಸಿಟ್ಟು ಇಬ್ಬನಿ ಬೀಳತ್ತಾ ಅಂತ ನೋಡ್ದ, ದೇವರು ಅವನ ಮೇಲೆ ಕೋಪ ಮಾಡ್ಕೊಳ್ಲಿಲ್ಲ. ಆದ್ರೆ ಕಾನ್ವೆಂಟಿನ ಬಾಗಿಲು ತಟ್ಟೋಕೆ ಮುಂಚೆ ನೂರಕ್ಕೆ ನೂರು ಖಾತ್ರಿ ಆಗಿರ್ಬೇಕು ಅಂತ ಧರ್ಮಸಭೆ ಯಾರನ್ನೂ ಕೇಳಲ್ಲ. ಹಾಗೆ ಕೇಳೋದಾಗಿದ್ರೆ ಆಸ್ಪಿರೆಂಟ್ (ಬಂದು ನೋಡೋವಳು), ಪೋಸ್ಚುಲೆಂಟ್ (ಸೇರೋಕೆ ತಯಾರಾಗೋವಳು), ನೋವಿಸ್ (ವ್ರತಕ್ಕೆ ಮುಂಚಿನ ತರಬೇತಿಯಲ್ಲಿರೋವಳು), ತಾತ್ಕಾಲಿಕ ವ್ರತ, ನಿತ್ಯವ್ರತ ಅಂತ ಇಷ್ಟೊಂದು ಮೆಟ್ಟಿಲು ಯಾಕೆ ಇಡ್ತಿತ್ತು ಹೇಳು, ಬಂದವರಿಗೆ ಮೊದಲನೇ ದಿನವೇ ವ್ರತ ಕೊಟ್ಟು ಕೂರಿಸ್ಬಹುದಿತ್ತಲ್ಲ. ಆ ವರ್ಷಗಳೆಲ್ಲಾ ಇರೋದೇ ನೀನು ಕೇಳ್ತಿರೋ ಪ್ರಶ್ನೆಯನ್ನ ಒಳಗಿದ್ದುಕೊಂಡು ನಿಧಾನಕ್ಕೆ ಕೇಳ್ಕೊಳ್ಳೋಕೆ.

ದೈವಕರೆ ಇದೆಯಾ ಇಲ್ವಾ ಅನ್ನೋದನ್ನ ನೀನೊಬ್ಬಳೇ ರೂಮಲ್ಲಿ ಕೂತು ತೀರ್ಮಾನ ಮಾಡೋಕಾಗಲ್ಲ. ನೀನೂ ನೋಡ್ಬೇಕು, ನಿನ್ನನ್ನ ಸೇರಿಸ್ಕೊಳ್ಳೋ ಸಭೆಯವರೂ ನೋಡ್ಬೇಕು, ಅದಕ್ಕೆ ಕಾಲ ಹಿಡಿಯತ್ತೆ, ಮತ್ತೆ ಆ ಕಾಲ ಪೂರ್ತಿ ನಿಂಗೆ "ಬೇಡ" ಅನ್ನೋ ಸ್ವಾತಂತ್ರ್ಯ ಇರ್ಲೇಬೇಕು. ಫಾರ್ಮೇಷನ್, ಅಂದ್ರೆ ಹೊಸಬರನ್ನ ತಯಾರು ಮಾಡೋ ಕೆಲಸದಲ್ಲಿ ಬಹಳ ಕಾಲ ಹುಡುಗೀರ ಜೊತೆ ಇದ್ದವಳಾಗಿ ನಾನು ಹೇಳೋ ಒಂದೇ ಮಾತು ಇದು, ಸ್ವತಂತ್ರವಾಗಿ ಬೇಡ ಅನ್ನೋಕೆ ಆಗದವಳ "ಹೌದು" ಎಷ್ಟೇ ಜೋರಾಗಿದ್ರೂ ನಂಗೆ ಭಯ ಆಗತ್ತೆ. ಭಯಕ್ಕೆ, ಹರಕೆಗೆ, ಯಾರದ್ದೋ ಮಾತಿಗೆ, ಮನೇಲಿ ಅಜ್ಜಿ ಆಸೆಪಟ್ಟಿದ್ರು ಅನ್ನೋದಕ್ಕೆ ಬಂದವರು ಒಳಗೆ ಬಂದ್ಮೇಲೆ ಬಹಳ ನೋವು ತಿಂತಾರೆ.

ಬೈಬಲಿನ ಸಮುವೇಲನ ಕಥೆ ನಿಂಗೆ ಗೊತ್ತೇ ಇದೆ. ರಾತ್ರಿ ಹೆಸರು ಹಿಡಿದು ಕರೆದ ದನಿ ಕೇಳಿಸ್ತು, ಹುಡುಗ ಎದ್ದು ಏಲಿ ಹತ್ರ ಓಡ್ದ, ನಾನು ಕರೆದಿಲ್ಲ ಹೋಗಿ ಮಲ್ಕೋ ಅಂದ ಏಲಿ. ಹೀಗೇ ಮೂರು ಸಲ ಆಯ್ತು. ಕರೆದಿದ್ದು ಪ್ರಭುವೇ ಆದ್ರೂ ಅದು ಪ್ರಭುವಿನ ದನಿ ಅಂತ ಆ ಹುಡುಗನಿಗೆ ಹೇಳಿಕೊಟ್ಟಿದ್ದು ಒಬ್ಬ ವಯಸ್ಸಾದ, ಕಣ್ಣು ಮಂಜಾದ, ಸ್ವಂತ ಮಕ್ಕಳನ್ನೂ ಸರಿಯಾಗಿ ಬೆಳೆಸೋಕಾಗದ ಯಾಜಕ. ಅಂದ್ರೆ ನಿಂಗೆ ಬೇಕಿರೋ ಆತ್ಮಿಕ ಮಾರ್ಗದರ್ಶಿ ದೊಡ್ಡ ಸಂತರೇ ಆಗಿರ್ಬೇಕು ಅಂತಿಲ್ಲ, ಪ್ರಾರ್ಥನೆ ಮಾಡೋ, ಗುಟ್ಟು ಕಾಪಾಡೋ, ನೀನು ಸೇರಿದ್ರೆ ತನಗೆ ಯಾವ ಲಾಭವೂ ಇಲ್ಲದ ಒಬ್ಬರು ಆದ್ರೆ ಸಾಕು. ಈ ಕೊನೇದು ಮುಖ್ಯ. ವೊಕೇಷನ್ ಪ್ರಮೋಟರ್ (ಸೇರೋ ಆಸೆ ಇರೋವರನ್ನ ಮಾತಾಡಿಸೋವರು) ಎಷ್ಟೇ ಒಳ್ಳೆಯವರಾದ್ರೂ ಅವರು ಒಂದು ಸಭೆಯ ಪರವಾಗಿ ಬಂದವರು, ಅವರ ಹತ್ರ ಮಾತಾಡು, ಆದ್ರೆ ಅವರೊಬ್ಬರನ್ನೇ ನಂಬ್ಕೊಂಡು ಕೂರಬೇಡ. ಎರಡು ವರ್ಷದಲ್ಲಿ ಇದನ್ನ ಎಷ್ಟು ಜನರ ಹತ್ರ ಬಾಯಿಬಿಟ್ಟು ಹೇಳಿದ್ದೀಯ ಅಂತ ನೀನು ಬರೆದಿಲ್ಲ, ನನ್ನ ಊಹೆ ಅಮ್ಮನ ಹತ್ರ ಬಿಟ್ರೆ ಯಾರ ಹತ್ರನೂ ಇಲ್ಲ ಅಂತ.

ಈಗ ರಿಟ್ರೀಟ್ ಮುಗಿದ್ಮೇಲಿನ ಆ ಖುಷಿ ವಿಷಯಕ್ಕೆ ಬರ್ತೀನಿ. ಇಲ್ಲಿ ಜೆಸ್ಯೂಟ್ ಸಭೆ ಕಟ್ಟಿದ ಸಂತ ಇಗ್ನೇಷಿಯಸ್ ಬಿಟ್ರೆ ಬೇರೆ ಗುರು ಇಲ್ಲ. 1521ರ ಮೇ ತಿಂಗಳಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ಬಡಿದು ಅವರ ಕಾಲು ಮುರೀತು, ಮೂಳೆ ಸರಿಯಾಗಿ ಕೂಡ್ಲಿಲ್ಲ ಅಂತ ಮತ್ತೆ ಮುರಿದು ಕೂರಿಸಿದ್ರು, ಆಮೇಲೂ ಒಂದು ಮೂಳೆ ಉಬ್ಕೊಂಡು ನಿಂತಿತ್ತು, ಚಂದದ ಬೂಟು ಹಾಕೋಕಾಗಲ್ಲ ಅಂತ ಅದನ್ನೂ ಕತ್ತರಿಸಿಸಿಕೊಂಡ ಮನುಷ್ಯ ಅವರು ಆಗ, ಅಷ್ಟು ಶೋಕಿ. ಹಾಸಿಗೆ ಮೇಲೆ ಬೇಜಾರಾಗಿ ಓದೋಕೆ ವೀರರ ಕಥೆ ಪುಸ್ತಕ ಕೇಳಿದ್ರು, ಮನೇಲಿ ಅದಿರ್ಲಿಲ್ಲ, ಕ್ರಿಸ್ತರ ಜೀವನ ಮತ್ತು ಸಂತರ ಜೀವನದ ಪುಸ್ತಕ ತಂದುಕೊಟ್ರು. ಆಮೇಲೆ ದಿನಗಟ್ಲೆ ಎರಡು ಥರದ ಹಗಲುಗನಸು ಅವರಿಗೆ. ಒಂದರಲ್ಲಿ ಒಬ್ಬ ದೊಡ್ಡ ಮನೆತನದ ಹೆಣ್ಣಿನ ಮನಸ್ಸು ಗೆಲ್ಲೋಕೆ ಏನೇನು ಸಾಹಸ ಮಾಡೋದು ಅಂತ ಗಂಟೆಗಟ್ಲೆ ಯೋಚನೆ, ಇನ್ನೊಂದರಲ್ಲಿ ಸಂತ ಫ್ರಾನ್ಸಿಸ್, ಸಂತ ದೊಮಿನಿಕ್ ಮಾಡಿದ್ದನ್ನ ನಾನೂ ಮಾಡಿದ್ರೆ ಹೇಗೆ ಅಂತ. ಎರಡೂ ಯೋಚನೆ ಮಾಡೋವಾಗ ಸಿಹಿಯೇ. ವ್ಯತ್ಯಾಸ ಕಂಡಿದ್ದು ಮುಗಿದ ಮೇಲೆ, ಮೊದಲನೇದು ಹೋದ್ಮೇಲೆ ಮನಸ್ಸು ಒಣಗಿ ಬರಿದಾಗಿರ್ತಿತ್ತು, ಎರಡನೇದು ಹೋದ್ಮೇಲೂ ಸಂತೋಷ ಉಳೀತಿತ್ತು. ಒಂದು ದಿನ ಅದು ಅವರ ಗಮನಕ್ಕೆ ಬಂತು, ಅಷ್ಟೇ, ಅಲ್ಲಿಂದ ಶುರುವಾಗಿದ್ದು ಇವತ್ತಿಗೂ ನಾವು ಮಾಡೋ ಆತ್ಮಿಕ ವಿವೇಚನೆಯ ದಾರಿ.

ಹಾಗಾಗಿ ರಿಟ್ರೀಟಿನ ಕೊನೇ ದಿನ ಹಾಡು, ಆರಾಧನೆ, ಕಣ್ಣೀರು ಎಲ್ಲಾ ಇದ್ದಾಗ ನಿಂಗೆ ಏನನ್ಸತ್ತೆ ಅನ್ನೋದನ್ನ ನಾನು ಅಷ್ಟಾಗಿ ಕೇಳಲ್ಲ. ಒಂದು ತಿಂಗಳಾದ್ಮೇಲೆ ಆಸೆ ತಣ್ಣಗಾದಾಗ ನಿನ್ನೊಳಗೆ ಏನಾಗತ್ತೆ ಅದನ್ನ ಹೇಳು. "ಸದ್ಯ, ಬಚಾವಾದೆ" ಅಂತ ಹಗುರ ಆಗತ್ತಾ, ಇಲ್ಲ ಏನೋ ಕಳ್ಕೊಂಡೆ ಅನ್ನೋ ಥರ ಸಂಕಟ ಆಗತ್ತಾ? ಹಗುರ ಆಗೋದಾದ್ರೆ, ಆ ಹಗುರ ವಾರಗಟ್ಲೆ ನಿಂತು ನೀನು ಮೊದಲಿಗಿಂತ ಪ್ರಾರ್ಥನೆ, ಕೆಲಸ, ಜನರ ಜೊತೆ ಚೆನ್ನಾಗಿರ್ತೀಯ ಅಂದ್ರೆ, ಬಹುಶಃ ಇದು ನಿನ್ನ ದಾರಿ ಅಲ್ಲ, ಅದ್ರಲ್ಲಿ ನಾಚಿಕೆ ಪಡೋದು ಏನೂ ಇಲ್ಲ. ಸಂಕಟ ಆಗತ್ತೆ, ಮತ್ತೆ ಯಾರೂ ಕರೀದೇನೇ ಅದೇ ಯೋಚನೆ ಬಸ್ಸಲ್ಲಿ ಕೂತಾಗ, ಆಫೀಸಲ್ಲಿ ಫೈಲ್ ನೋಡ್ತಿರೋವಾಗ ಸುಮ್ನೆ ಬಂದು ಕೂರತ್ತೆ ಅಂದ್ರೆ, ಆಗ ಅದನ್ನ ಗಂಭೀರವಾಗಿ ತಗೋಬೇಕು. ದಿನಾ ರಾತ್ರಿ ಒಂದು ನೋಟ್‌ಬುಕ್ಕಲ್ಲಿ ನಾಲ್ಕು ಸಾಲು ಬರಿ, ಇವತ್ತು ಯಾವಾಗ ದೇವರ ಕಡೆ ಮನಸ್ಸು ತೆರ್ಕೊಂಡಿತ್ತು, ಯಾವಾಗ ಮುಚ್ಕೊಂಡಿತ್ತು, ಈ ಆಸೆ ಎದ್ದಾಗ ಜೊತೆಗೆ ಏನೆದ್ದಿತು, ಭಯವಾ, ಹೆಮ್ಮೆಯಾ, ಶಾಂತಿಯಾ. ಒಂದು ದಿನದ ಬರಹದಲ್ಲಿ ಏನೂ ಕಾಣ್ಸಲ್ಲ, ಮೂರ್ನಾಲ್ಕು ತಿಂಗಳಾದ್ಮೇಲೆ ಒಟ್ಟಿಗೆ ಓದಿದ್ರೆ ಒಂದು ದಿಕ್ಕು ಕಾಣತ್ತೆ.

ಇಗ್ನೇಷಿಯಸ್ ಇನ್ನೊಂದು ನಿಯಮ ಕೊಟ್ಟಿದ್ದಾರೆ, ಇದನ್ನ ಬಾಯಿಪಾಠ ಮಾಡ್ಕೋ, ಮನಸ್ಸು ಕತ್ತಲಾಗಿರೋವಾಗ ಮುಂಚೆ ಮಾಡಿದ ತೀರ್ಮಾನವನ್ನ ಬದಲಾಯಿಸಬಾರದು. ಶುಷ್ಕತೆ ಬಂದಾಗ "ಎಲ್ಲಾ ಕಲ್ಪನೆ" ಅಂತ ನೀನು ಮುಚ್ಚಿಡ್ತೀಯಲ್ಲ, ಆ ಹೊತ್ತಲ್ಲಿ ಮುಚ್ಚಬೇಡ. ಹಾಗೇನೇ ಖುಷಿ ಉಕ್ಕಿ ಹರೀತಿರೋವಾಗ ಅವಸರದಲ್ಲಿ ಮಾತು ಕೊಡಬೇಡ, ಅದನ್ನೂ ಅವರೇ ಹೇಳಿರೋದು. ಎರಡೂ ಅಲ್ಲದ, ಮನಸ್ಸು ತಿಳಿಯಾಗಿರೋ ಸಮಯದಲ್ಲಿ ಒಂದು ಕೆಲಸ ಮಾಡ್ಬಹುದು, ನಿಂಗೆ ಗುರುತೇ ಇಲ್ಲದ ಒಬ್ಬಳು ಹುಡುಗಿ ನಿನ್ನದೇ ಪರಿಸ್ಥಿತೀಲಿ ಬಂದು ಕೇಳಿದ್ರೆ ನೀನು ಏನು ಸಲಹೆ ಕೊಡ್ತೀಯ ಅಂತ ಯೋಚಿಸು, ಆಮೇಲೆ ಸಾಯೋ ಹೊತ್ತಲ್ಲಿ ಮಲಗಿದ್ದೀನಿ ಅಂದ್ಕೊಂಡು ಆಗ ಯಾವ ದಾರಿ ಹಿಡಿದಿದ್ರೆ ಸಂತೋಷ ಆಗ್ತಿತ್ತು ಅಂತ ಯೋಚಿಸು. ಇವೂ ಅವರ ಆತ್ಮಿಕ ಸಾಧನೆಗಳಲ್ಲೇ ಇರೋ ಅಭ್ಯಾಸಗಳು, 1548ರಲ್ಲಿ ಪೋಪ್ ಮೂರನೇ ಪೌಲರು ಒಪ್ಪಿಗೆ ಕೊಟ್ಟ ಪುಸ್ತಕ ಅದು, ಇವತ್ತಿಗೂ ಮೂವತ್ತು ದಿನದ, ಎಂಟು ದಿನದ ರಿಟ್ರೀಟುಗಳಲ್ಲಿ ಅದನ್ನೇ ಮಾಡಿಸೋದು.

ಇನ್ನು ಅಮ್ಮನ ಮಾತು. ಒಂದು ವಿಷಯ ನೀನೇ ಬರೆದಿದ್ದೀಯ ಆದ್ರೆ ನೀನೇ ಗಮನಿಸಿಲ್ಲ ಅನ್ಸತ್ತೆ, ಆಸೆ ಶುರುವಾಗಿ ಎರಡು ವರ್ಷ, ಸಂಬಂಧ ಮುರಿದಿದ್ದು ಹೋದ ವರ್ಷ. ಹಾಗಾದ್ರೆ ಆ ನೋವಿನಿಂದ ಈ ಆಸೆ ಹುಟ್ಟಿದ್ದಲ್ಲ. ಆದ್ರೆ ನೋವು ಅದ್ರ ಜೊತೆ ಕಲೆತುಕೊಂಡಿರ್ಬಹುದು, ಅದನ್ನ ಬೇರ್ಪಡಿಸಿ ನೋಡೋಕೆ ಸಮಯ ಕೊಡ್ಲೇಬೇಕು. ಮನುಷ್ಯರ ಉದ್ದೇಶ ಯಾವತ್ತೂ ಪೂರ್ತಿ ಶುದ್ಧ ಇರಲ್ಲ ತಂಗಿ, ಇಗ್ನೇಷಿಯಸರೂ ಕಾಲು ಮುರಿದು ಬಿದ್ದಿದ್ದಕ್ಕೆ ಆ ಪುಸ್ತಕ ಓದಿದ್ದು. ನೋವು ನಿನ್ನನ್ನ ಬಾಗಿಲ ತನಕ ತಂದಿದ್ರೆ ತರ್ಲಿ, ನೋವು ಆರಿದ ಮೇಲೂ ಅಲ್ಲೇ ನಿಂತಿರ್ತೀಯಾ ಅನ್ನೋದು ನೋಡ್ಬೇಕಾದ್ದು.

ಇದಕ್ಕೆ ನಾನು ಒಂದು ಪರೀಕ್ಷೆ ಹೇಳ್ತೀನಿ. ಕಣ್ಮುಚ್ಚಿ ಕೂತು ನಿನ್ನ ಮದುವೆ ಆಗಿದೆ ಅಂದ್ಕೋ, ಒಳ್ಳೇ ಗಂಡ, ಮಕ್ಕಳು, ಒಂದು ಮನೆ, ಎಲ್ಲಾ ಚೆನ್ನಾಗಿದೆ ಅಂತ. ಅದನ್ನ ನೋಡಿ ಅಸಹ್ಯವೋ, ಹೆದರಿಕೆಯೋ, ಗಂಡಸರ ಮೇಲೆ ಸಿಟ್ಟೋ ಬಂದ್ರೆ, ಮೊದ್ಲು ಆ ಗಾಯ ವಾಸಿಯಾಗ್ಲಿ, ಕಾನ್ವೆಂಟ್ ಆಸ್ಪತ್ರೆ ಅಲ್ಲ. ಅದು ಒಳ್ಳೇದೇ, ದೇವರ ವರವೇ, ನಂಗೂ ಅದು ಹಿಡಿಸತ್ತೆ, ಆದ್ರೂ ನನ್ನ ಮನಸ್ಸು ಇನ್ನೂ ಆ ಕಡೆ ಎಳೀತಿದೆ ಅನ್ನೋ ಹಾಗಿದ್ರೆ ಅದು ಆರೋಗ್ಯವಾದ ಲಕ್ಷಣ. ಬ್ರಹ್ಮಚರ್ಯದ ವ್ರತ ತಗೊಳ್ಳೋರಿಗೆ ಆಸೆಗಳೇ ಇರಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡ. ಆಸೆ ಇರತ್ತೆ, ಒಂಟಿತನ ಇರತ್ತೆ, ನಲವತ್ತನೇ ವಯಸ್ಸಲ್ಲಿ ಬೇರೆಯವರ ಮಗು ಎತ್ಕೊಂಡಾಗ ಎದೇಲಿ ಏನೋ ಆಗತ್ತೆ. ಒಳ್ಳೇದನ್ನ ಒಳ್ಳೇದು ಅಂತ ಒಪ್ಕೊಂಡೇ ಬಿಟ್ಟುಕೊಡೋಕೆ ಆಗತ್ತಾ ಅಂತ ನಿನ್ನನ್ನೇ ಕೇಳ್ಕೋ.

ನಿದ್ದೆ ಬರ್ದೇ ಇರೋದು, ಊಟ ಸೇರದೇ ಇರೋದು, ಯಾವುದ್ರಲ್ಲೂ ರುಚಿ ಇಲ್ಲದೇ ಇರೋದು ವಾರಗಟ್ಲೆ ನಡೀತಿದ್ರೆ ಅದನ್ನ ಆತ್ಮಿಕ ಕತ್ತಲೆ ಅಂತ ಹೆಸರಿಟ್ಟು ಕೂರಬೇಡ, ಡಾಕ್ಟರ ಹತ್ರ ಹೋಗು. ಡಿಪ್ರೆಷನ್‌ಗೆ ಚಿಕಿತ್ಸೆ ತಗೊಂಡಿದ್ದೀನಿ ಅಂದಮಾತ್ರಕ್ಕೆ ಬಾಗಿಲು ಮುಚ್ಚಿಹೋಗಲ್ಲ, ಬಚ್ಚಿಟ್ರೆ ಮಾತ್ರ ತೊಂದ್ರೆ. ಸೇರೋ ಮುಂಚೆ ಆರೋಗ್ಯ, ಸ್ವಭಾವ, ಪ್ರೌಢತೆ ನೋಡ್ಬೇಕು ಅಂತ ಧರ್ಮಸಭೆಯ ಕಾನೂನೇ ಹೇಳತ್ತೆ, ಬೇಕಾದ್ರೆ ತಜ್ಞರ ಸಹಾಯ ತಗೋಬಹುದು ಅಂತಾನೂ ಹೇಳತ್ತೆ, ಆದ್ರೆ ನಿನ್ನ ಖಾಸಗಿತನಕ್ಕೆ ಧಕ್ಕೆ ಬರದ ಹಾಗೆ. ಸೈಕಾಲಜಿಕಲ್ ಟೆಸ್ಟ್ ಅಂದ್ರೆ ಗಾಬರಿ ಬೇಡ, ಅದ್ರ ರಿಪೋರ್ಟ್ ಯಾರ ಕೈಗೆ ಹೋಗತ್ತೆ ಅಂತ ಮಾತ್ರ ಮೊದ್ಲೇ ಕೇಳಿ ತಿಳ್ಕೊಂಡು, ಮನಸ್ಸಿಂದ ಒಪ್ಪಿಯೇ ಸಹಿ ಹಾಕು.

ಮನೆಯವರ ವಿಷಯದಲ್ಲಿ ಎರಡು ಬೇರೆಬೇರೆ ಸಂಗತಿಗಳನ್ನ ಜನ ಒಂದೇ ಮಾಡ್ಬಿಡ್ತಾರೆ, ಅಪ್ಪ ಅಮ್ಮಂಗೆ ಇಷ್ಟ ಇಲ್ಲ ಅನ್ನೋದು ಒಂದು, ಅಪ್ಪ ಅಮ್ಮಂಗೆ ನನ್ನ ಬಿಟ್ರೆ ಗತಿ ಇಲ್ಲ ಅನ್ನೋದು ಇನ್ನೊಂದು. ಸಂತ ಥಾಮಸ್ ಅಕ್ವಿನಾಸ್ ದೊಮಿನಿಕನ್ ಸಭೆ ಸೇರ್ತೀನಿ ಅಂದಾಗ ಮನೆಯವರೇ ಹಿಡಿದು ತಂದು ಸುಮಾರು ಒಂದು ವರ್ಷ ಕೂಡಿಹಾಕಿದ್ರು, ಅವರು ಜಗ್ಗಲಿಲ್ಲ. ಅದೇ ಥಾಮಸರು ಮುಂದೆ ದೇವಶಾಸ್ತ್ರ ಬರೆಯೋವಾಗ, ಮಕ್ಕಳ ಸಹಾಯ ಇಲ್ದೇ ತಂದೆತಾಯಿ ಬದುಕೋಕಾಗದ ಸ್ಥಿತಿ ಇದ್ರೆ ಅವರನ್ನ ಬಿಟ್ಟು ಸನ್ಯಾಸಕ್ಕೆ ಹೋಗೋದು ಸರಿಯಲ್ಲ ಅಂತ ಖಡಾಖಂಡಿತವಾಗಿ ಹೇಳಿದ್ದಾರೆ. ಪ್ರಭು ಯೇಸು ಕೂಡ ಮಾರ್ಕನ ಶುಭಸಂದೇಶದ 7ನೇ ಅಧ್ಯಾಯದಲ್ಲಿ, ದೇವರಿಗೆ ಮೀಸಲು ಅಂತ ಹೇಳಿ ಅಪ್ಪ ಅಮ್ಮಂಗೆ ಕೊಡಬೇಕಾದ್ದನ್ನ ತಪ್ಪಿಸೋರನ್ನ ಗದರಿಸ್ತಾರೆ. ಇಷ್ಟ ಇಲ್ಲ ಅನ್ನೋದಾದ್ರೆ ಅವರ ಮೇಲೆ ಕೋಪ ಮಾಡ್ಕೊಳ್ದೇ ಕಾಯಿ, ಮಗಳನ್ನ ಕಳ್ಕೊಳ್ತೀನಿ ಅನ್ನೋ ಭಯ ಅದು, ಆ ಭಯಕ್ಕೆ ಬೆಲೆ ಕೊಡು, ಆದ್ರೆ ಅದು ನಿನ್ನ ಪರವಾಗಿ ತೀರ್ಮಾನ ಮಾಡೋ ಹಾಗಿಲ್ಲ. ಅಮ್ಮನನ್ನ ಒಂದ್ಸಲ ನಿನ್ನ ಜೊತೆ ಕಾನ್ವೆಂಟಿಗೆ ಕರ್ಕೊಂಡು ಹೋಗು, ಸಿಸ್ಟರುಗಳು ನಗ್ತಾ ಜಗಳ ಆಡ್ತಾ ಊಟ ಮಾಡೋದನ್ನ ನೋಡಿದ್ರೆ ಅರ್ಧ ಭಯ ಕಮ್ಮಿ ಆಗತ್ತೆ.

ಲೋನ್ ವಿಷಯ ಸುಲಭ. ತೀರಿಸೋಕಾಗದ ಸಾಲ ಇರೋವರನ್ನ ನೋವಿಷಿಯೇಟಿಗೆ, ಅಂದ್ರೆ ನೋವಿಸ್ ಆಗಿರೋ ತರಬೇತಿಗೆ, ಸೇರಿಸ್ಕೋಬಾರದು ಅಂತ ಧರ್ಮಸಭೆಯ ಕಾನೂನಾದ ಕ್ಯಾನನ್ ಲಾದಲ್ಲೇ ಇದೆ, 644ನೇ ನಿಯಮ. ಅದ್ರಲ್ಲಿ ನ್ಯಾಯ ಇದೆ, ನಿನ್ನ ಸಾಲ ಅಪ್ಪನ ತಲೆ ಮೇಲೆ ಹಾಕಿ ನೀನು ಬಡತನದ ವ್ರತ ತಗೊಂಡ್ರೆ ಏನು ಅರ್ಥ. ಕೆಲಸ ಮಾಡಿ ತೀರಿಸು, ಆ ಒಂದೆರಡು ವರ್ಷ ವ್ಯರ್ಥ ಅಲ್ಲ, ಅದೇ ನಿನ್ನ ವಿವೇಚನೆಯ ಕಾಲ. ಸಂಬಳ ಕೈಗೆ ಬಂದಾಗ ನೀನು ಅದನ್ನ ಹೇಗೆ ಹಿಡೀತೀಯ, ಹೇಗೆ ಬಿಡ್ತೀಯ ಅನ್ನೋದೂ ನಿಂಗೆ ಬಹಳ ಹೇಳಿಕೊಡತ್ತೆ.

ಯಾವ ಸಭೆ ಅನ್ನೋದು. ಮೊದ್ಲು ಒಂದು ದೊಡ್ಡ ವ್ಯತ್ಯಾಸ ತಿಳ್ಕೋ. ಕಾರ್ಮೆಲ್, ಪುವರ್ ಕ್ಲೇರ್, ಬೆನೆಡಿಕ್ಟೈನ್ ಥರದ ಮಠಗಳಲ್ಲಿ ಪ್ರಾರ್ಥನೆಯೇ ಮುಖ್ಯ ಕೆಲಸ, ಹೊರಗಿನ ಓಡಾಟ ಕಮ್ಮಿ ಅಥವಾ ಇಲ್ಲವೇ ಇಲ್ಲ. ಬೇರೆ ಸಭೆಗಳು ಶಾಲೆ, ಆಸ್ಪತ್ರೆ, ಬಡವರ ಸೇವೆ ಅಂತ ಹೊರಗೆ ಇರ್ತವೆ. 1633ರಲ್ಲಿ ಸಂತ ವಿನ್ಸೆಂಟ್ ದೆ ಪಾಲ್ ಮತ್ತು ಸಂತ ಲೂಯಿಸ್ ದೆ ಮರಿಲಾಕ್ ಶುರುಮಾಡಿದ ಡಾಟರ್ಸ್ ಆಫ್ ಚಾರಿಟಿಯವರು ರೋಗಿಗಳ ಮನೆಗೇ ಹೋಗಿ ಸೇವೆ ಮಾಡ್ಬೇಕು ಅಂತ ಗೋಡೆಯೊಳಗಿನ ಮಠ ಬೇಡ ಅಂದ್ರು, ಅವರು ಇವತ್ತಿಗೂ ವ್ರತಗಳನ್ನ ವರ್ಷವರ್ಷವೂ ಹೊಸದಾಗಿ ತಗೊಳ್ತಾರೆ. ಮನೆಯಲ್ಲೇ ಇದ್ದು, ನೌಕರಿ ಮಾಡ್ಕೊಂಡು, ಸೆಕ್ಯುಲರ್ ಇನ್‌ಸ್ಟಿಟ್ಯೂಟ್ ಮೂಲಕ ತಮ್ಮನ್ನ ದೇವರಿಗೆ ಒಪ್ಪಿಸ್ಕೊಂಡಿರೋ ಹೆಣ್ಣುಮಕ್ಕಳೂ ಇದ್ದಾರೆ, ಇದು ಬಹಳ ಜನಕ್ಕೆ ಗೊತ್ತೇ ಇರಲ್ಲ. ಪ್ರೊಟೆಸ್ಟೆಂಟ್ ಕಡೆಯವರು ಓದ್ತಿದ್ರೆ ಅವರಿಗೂ ದಾರಿ ಇದೆ, ಆಂಗ್ಲಿಕನ್ ಸಭೆಯಲ್ಲಿ ಸನ್ಯಾಸ ಸಂಘಗಳಿವೆ, ಬ್ರದರ್ ರೋಜೆ 1940ರಲ್ಲಿ ಫ್ರಾನ್ಸಿನ ತೆಜೆಯಲ್ಲಿ ಶುರುಮಾಡಿದ ಸಮುದಾಯದಲ್ಲಿ ಬೇರೆಬೇರೆ ಸಭೆಗಳಿಂದ ಬಂದ ಬ್ರದರುಗಳು ಒಟ್ಟಿಗೆ ಇದ್ದಾರೆ.

ಆದ್ರೆ ಕೆಲಸ ನೋಡಿ ಸಭೆ ಆಯ್ಕೆ ಮಾಡಬೇಡ ಅಂತ ನಾನು ಪದೇಪದೇ ಹೇಳ್ತೀನಿ. ಟೀಚಿಂಗ್ ಇಷ್ಟ ಅಂತ ಟೀಚಿಂಗ್ ಸಭೆ ಸೇರಿದವಳನ್ನ ನಾಳೆ ಲೆಕ್ಕಪತ್ರ ನೋಡ್ಕೋ ಅಂತಲೋ, ವಯಸ್ಸಾದ ಸಿಸ್ಟರುಗಳನ್ನ ನೋಡ್ಕೋ ಅಂತಲೋ ಕಳಿಸ್ಬಹುದು, ವಿಧೇಯತೆಯ ವ್ರತ ಅಂದ್ರೆ ಅದೇ. ಬದಲಾಗ್ದೇ ಉಳಿಯೋದು ಅವರ ಪ್ರಾರ್ಥನೆಯ ರೀತಿ, ಒಟ್ಟಿಗೆ ಬದುಕೋ ರೀತಿ, ಸಂಸ್ಥಾಪಕರು ಕ್ರಿಸ್ತರಲ್ಲಿ ಏನು ಕಂಡು ಮನಸೋತ್ರೋ ಆ ಜೀವಾಳ. ಅದಕ್ಕೇ ಕಮ್ ಅಂಡ್ ಸೀ, ಅಂದ್ರೆ ಬಂದು ನೋಡು ಅನ್ನೋ ಕಾರ್ಯಕ್ರಮಕ್ಕೆ ಹೋಗಿ ಒಂದು ವಾರ ಇದ್ದು ನೋಡು, ಎರಡು ಮೂರು ಕಡೆ ಆದ್ರೂ ಹೋಗು.

ಹೋದಾಗ ಚಾಪೆಲ್ಲಿನ ಅಲಂಕಾರ ನೋಡ್ಬೇಡ, ಬೆಳಗಿನ ಪ್ರಾರ್ಥನೆಗೆ ಯಾರು ಹೇಗೆ ಬರ್ತಾರೆ ನೋಡು, ಮೌನ ಧ್ಯಾನದ ಹೊತ್ತಲ್ಲಿ ಸೂಪೀರಿಯರ್ (ಆ ಮನೆಯ ಮುಖ್ಯಸ್ಥೆ) ಕೂತಿರ್ತಾರಾ, ಫೋನಲ್ಲಿ ಇರ್ತಾರಾ ನೋಡು. ಊಟ ಆದ್ಮೇಲೆ ಪಾತ್ರೆ ತೊಳೆಯೋ ಜಾಗದಲ್ಲಿ ನಿಂತ್ಕೋ, ಯಾವ ಸಮುದಾಯದ ನಿಜವೂ ಅಲ್ಲಿ ಗೊತ್ತಾಗತ್ತೆ, ಹಿರಿಯರು ಕಿರಿಯರ ಪಕ್ಕ ನಿಂತು ಒರೆಸ್ತಾರಾ ಅಥವಾ ಕಿರಿಯರ ಮೇಲೇ ಎಲ್ಲಾ ಹಾಕಿ ಹೋಗ್ತಾರಾ. ಮಂಡಿನೋವಿನ ಹಳೇ ಸಿಸ್ಟರ್ ಒಬ್ಬರು ಅದೇ ಕಥೆಯನ್ನ ಮತ್ತೆ ಹೇಳೋಕೆ ಶುರುಮಾಡಿದಾಗ ಟೇಬಲ್ಲಲ್ಲಿ ಇರೋವರು ಕೇಳಿಸ್ಕೊಳ್ತಾರಾ, ಮುಖ ತಿರುಗಿಸ್ತಾರಾ. ಸಭೆ ಬಿಟ್ಟು ಹೋದವರ ಬಗ್ಗೆ ಹೇಗೆ ಮಾತಾಡ್ತಾರೆ ಅಂತ ಕಿವಿಗೊಟ್ಟು ಕೇಳು, ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ದೊಡ್ಡ ಪರೀಕ್ಷೆ. "ಅವಳಿಗೆ ದೇವರು ಬೇರೆ ದಾರಿ ತೋರ್ಸಿದ್ರು, ಹಬ್ಬಕ್ಕೆ ಬರ್ತಾಳೆ" ಅನ್ನೋ ಮನೆ ಬೇರೆ, ಅವಳ ಹೆಸರನ್ನೇ ಎತ್ತಬಾರದು ಅನ್ನೋ ಮನೆ ಬೇರೆ.

ಕೆಲವು ಕಡೆ ಎದ್ದು ಬಂದ್ಬಿಡ್ಬೇಕು, ಯೋಚನೆಯೇ ಮಾಡ್ಬೇಡ. ಮನೆಯವರಿಗೆ ಹೇಳ್ಬೇಡ ಅನ್ನೋರು, ಈಗಲೇ ಹೂಂ ಅನ್ನದಿದ್ರೆ ಕರೆ ಕಳ್ಕೊಳ್ತೀಯ ಅಂತ ಹೆದರಿಸೋರು, ದುಡ್ಡು ಅಥವಾ ಒಡವೆ ಕೇಳೋರು, ಒರಿಜಿನಲ್ ಸರ್ಟಿಫಿಕೇಟ್ ಇಸ್ಕೊಂಡು ಇಟ್ಕೊಳ್ಳೋರು, ಪಾಪನಿವೇದನೆಯಲ್ಲಿ ಹೇಳೋ ವಿಷಯವನ್ನೆಲ್ಲಾ ಸೂಪೀರಿಯರ್ ಹತ್ರ ಹೇಳ್ಬೇಕು ಅನ್ನೋರು. ಅಂತರಂಗ ಬಿಚ್ಚಿಡು ಅಂತ ಸೂಪೀರಿಯರ್ ಯಾವ ರೀತೀಲೂ ಒತ್ತಾಯ ಮಾಡೋ ಹಾಗಿಲ್ಲ ಅಂತ ಕಾನೂನಿದೆ, 630ನೇ ನಿಯಮ. ಬಲವಂತ, ತೀವ್ರ ಭಯ, ಮೋಸದಿಂದ ಸೇರಿಸ್ಕೊಂಡ್ರೆ ನೋವಿಷಿಯೇಟ್ ಪ್ರವೇಶವೇ ಅಸಿಂಧು, ಅದು 643. ಗುಟ್ಟಾಗಿಡು ಅಂತ ಒಳಗಿಂದ ಬರೋ ದನಿಯನ್ನೂ ನಂಬಬೇಡ ಅಂತಾರೆ ಇಗ್ನೇಷಿಯಸ್, ಕೆಟ್ಟ ಆತ್ಮಕ್ಕೆ ತನ್ನ ಮಾತು ಬಯಲಾಗೋದು ಹಿಡಿಸಲ್ಲ.

ಮೆಟ್ಟಿಲುಗಳ ಲೆಕ್ಕ ತಿಳ್ಕೊಂಡ್ರೆ ನಿನ್ನ ಗಾಬರಿ ಎಷ್ಟೋ ಇಳಿಯತ್ತೆ. 1983ರ ಕ್ಯಾನನ್ ಲಾ ಪ್ರಕಾರ ನೋವಿಷಿಯೇಟಿಗೆ ಕನಿಷ್ಠ 17 ವರ್ಷ ತುಂಬಿರ್ಬೇಕು, ಪೂರ್ವ ಪದ್ಧತಿಯ (ಸಿರೋ ಮಲಬಾರ್ ಥರದ) ಧರ್ಮಸಭೆಗಳಿಗೆ 1990ರ ಬೇರೆ ಸಂಹಿತೆ ಇದೆ, ವಿವರ ಸ್ವಲ್ಪ ಬೇರೆ. ಅದಕ್ಕೆ ಮುಂಚೆ ಆಸ್ಪಿರೆಂಟ್, ಪೋಸ್ಚುಲೆಂಟ್ ಅಂತ ಕಳೆಯೋ ಕಾಲ ಸಭೆಯಿಂದ ಸಭೆಗೆ ಬೇರೆ. ನೋವಿಷಿಯೇಟ್ ಹನ್ನೆರಡು ತಿಂಗಳಿಗಿಂತ ಕಮ್ಮಿ ಇರೋ ಹಾಗಿಲ್ಲ, ಸಾಮಾನ್ಯವಾಗಿ ಎರಡು ವರ್ಷಕ್ಕಿಂತ ಜಾಸ್ತಿ ಇರೋ ಹಾಗೂ ಇಲ್ಲ. ಆ ಕಾಲದಲ್ಲಿ ಯಾವ ದಿನ ಬೇಕಾದ್ರೂ ನೀನು ಮನೆಗೆ ಹೋಗ್ಬಹುದು, ಯಾರ ಅಪ್ಪಣೆ ಪತ್ರವೂ ಬೇಡ, ಪಾಪವೂ ಅಲ್ಲ, ಅವರೂ ನಿನ್ನನ್ನ ಕಳಿಸ್ಬಹುದು. ಆಮೇಲೆ ತಾತ್ಕಾಲಿಕ ವ್ರತ ಮೂರರಿಂದ ಆರು ವರ್ಷ, ಬೇಕಾದ್ರೆ ಒಟ್ಟು ಒಂಬತ್ತರ ತನಕ ಬೆಳೆಸ್ಬಹುದು, ಆ ಅವಧಿ ಮುಗಿದ ದಿನ ಹೊರಡೋಕೂ ನಿಂಗೆ ಹಕ್ಕಿದೆ. ನಿತ್ಯವ್ರತಕ್ಕೆ ಕನಿಷ್ಠ 21 ವರ್ಷ ವಯಸ್ಸು, ಅದಕ್ಕೆ ಮುಂಚೆ ಕನಿಷ್ಠ ಮೂರು ವರ್ಷದ ತಾತ್ಕಾಲಿಕ ವ್ರತ. ಧ್ಯಾನಜೀವನದ ಮಠಗಳಿಗೆ 2018ರಲ್ಲಿ ವ್ಯಾಟಿಕನ್ ಕೊಟ್ಟ ನಿರ್ದೇಶನದಲ್ಲಿ ಈ ಪೂರ್ತಿ ದಾರಿ ಒಂಬತ್ತು ವರ್ಷಕ್ಕಿಂತ ಕಮ್ಮಿ ಇರಬಾರದು ಅಂತಿದೆ. ನೋಡಿದ್ಯಾ, ನೀನು ಇವತ್ತೇ ಇಡೀ ಜೀವನಕ್ಕೆ ಉತ್ತರ ಕೊಡ್ಬೇಕು ಅಂತ ಒದ್ದಾಡ್ತಿದ್ದೀಯ, ಧರ್ಮಸಭೆ ನಿನ್ನನ್ನ ಅಷ್ಟು ಬೇಗ ಉತ್ತರ ಕೊಡೋಕೆ ಬಿಡೋದೇ ಇಲ್ಲ. ಸಂತ ಬೆನೆಡಿಕ್ಟ್ ತಮ್ಮ ನಿಯಮದ 58ನೇ ಅಧ್ಯಾಯದಲ್ಲಿ ಇನ್ನೂ ಗಟ್ಟಿ, ಹೊಸದಾಗಿ ಬಂದವನಿಗೆ ಸುಲಭಕ್ಕೆ ಬಾಗಿಲು ತೆಗೀಬೇಡಿ, ನಾಲ್ಕೈದು ದಿನ ತಟ್ಟುತ್ತಾ ನಿಂತಿರ್ಲಿ ಅಂತಾರೆ, ಅವನು ನಿಜವಾಗ್ಲೂ ದೇವರನ್ನ ಹುಡುಕ್ತಿದ್ದಾನಾ ಅಂತ ನೋಡಿ ಅಂತಾರೆ, ಒಳಗೆ ಬಂದ ಮೇಲೂ ವರ್ಷದಲ್ಲಿ ಮೂರು ಸಲ ನಿಯಮ ಪೂರ್ತಿ ಓದಿಹೇಳಿ, ಆಮೇಲೇ ಅವನ ಮಾತು ತಗೊಳ್ಳೋದು.

ಇನ್ನು ನೀನು ಕೇಳದೇ ಇರೋ ಒಂದು ವಿಷಯ, ಆದ್ರೆ ಒಳಗೊಳಗೆ ಹೆದರ್ತಿರೋದು. ಹೋಗಿ ಆಮೇಲೆ ವಾಪಸ್ ಬಂದ್ರೆ? ಅಥವಾ ಅವರೇ ಬೇಡ ಅಂದ್ರೆ? ಲೂಯಿ ಮಾರ್ಟಿನ್ ಆಲ್ಪ್ಸ್ ಬೆಟ್ಟದ ಗ್ರೇಟ್ ಸೇಂಟ್ ಬರ್ನಾರ್ಡ್ ಮಠಕ್ಕೆ ಹೋಗಿ ಸೇರಿಸ್ಕೊಳ್ಳಿ ಅಂದ್ರು, ಲ್ಯಾಟಿನ್ ಬರಲ್ಲ ಅಂತ ಆಗ್ಲಿಲ್ಲ. ಜೆಲಿ ಗೇರಿನ್ ಸಿಸ್ಟರ್ ಆಗ್ತೀನಿ ಅಂತ ಹೋದ್ರು, ಅಲ್ಲಿನ ಮದರ್ ಇದು ನಿನ್ನ ದಾರಿ ಅಲ್ಲ ಅಂದ್ರು. 1858ರಲ್ಲಿ ಅವರಿಬ್ಬರೂ ಮದುವೆ ಆದ್ರು, ಅವರ ಕೊನೇ ಮಗಳೇ ಲಿಸ್ಯೂವಿನ ಸಂತ ತೆರೇಸಾ, 2015ರಲ್ಲಿ ಪೋಪ್ ಫ್ರಾನ್ಸಿಸ್ ಆ ಗಂಡ ಹೆಂಡತಿ ಇಬ್ಬರನ್ನೂ ಒಟ್ಟಿಗೆ ಸಂತರು ಅಂತ ಘೋಷಿಸಿದ್ರು. ಚಾರ್ಲ್ಸ್ ದೆ ಫೂಕೋ ಟ್ರ್ಯಾಪಿಸ್ಟ್ ಮಠದಲ್ಲಿ ಏಳು ವರ್ಷ ಇದ್ದು 1897ರಲ್ಲಿ ಹೊರಬಂದವರು, 2022ರಲ್ಲಿ ಅವರೂ ಸಂತರಾದ್ರು. ಮಾರ್ಕನ 5ನೇ ಅಧ್ಯಾಯದಲ್ಲಿ ದೆವ್ವ ಬಿಟ್ಟು ವಾಸಿಯಾದ ಆ ಮನುಷ್ಯ ದೋಣಿ ಹತ್ತಿ ಯೇಸುವಿನ ಜೊತೆ ಬರ್ತೀನಿ ಅಂತ ಬೇಡ್ಕೊಂಡ, ಯೇಸು ಒಪ್ಪಲಿಲ್ಲ, ನಿನ್ನ ಮನೆಗೆ ನಿನ್ನ ಜನರ ಹತ್ರ ಹೋಗಿ ಪ್ರಭು ನಿಂಗೆ ಮಾಡಿದ್ದನ್ನ ಹೇಳು ಅಂತ ಕಳಿಸಿದ್ರು. ಹಾಗೆ ಕಳಿಸಿದ್ದೂ ಒಂದು ಕರೆಯೇ, ಅವನು ದೆಕಪೊಲಿ ಸೀಮೆಯಲ್ಲೆಲ್ಲಾ ಹೋಗಿ ಸಾರಿದ.

ಹಾಗಂತ ವಾಪಸ್ ಬರೋದು ಸುಲಭ ಅಂತ ನಾನು ಹೇಳಲ್ಲ. ಜನ ಮಾತಾಡ್ತಾರೆ, ಕೆಲಸ ಹುಡುಕೋದು ಕಷ್ಟ ಆಗತ್ತೆ. ಅದಕ್ಕೇ ಹೋಗೋವಾಗ ನಿನ್ನ ಸರ್ಟಿಫಿಕೇಟುಗಳು ಮನೆಯಲ್ಲೇ ಭದ್ರವಾಗಿರ್ಲಿ, ನಿನ್ನ ಹೆಸರಲ್ಲಿ ಏನಾದ್ರೂ ಆಸ್ತಿ ಇದ್ರೆ ಅವಸರಪಟ್ಟು ಬಿಟ್ಟುಕೊಡಬೇಡ. ಮೊದಲ ವ್ರತಕ್ಕೆ ಮುಂಚೆ ಬೇರೆಯವರಿಗೆ ವಹಿಸ್ಬೇಕಾದ್ದು ಅದ್ರ ನಿರ್ವಹಣೆಯನ್ನ ಮಾತ್ರ.

ಈಗ ನೀನು ಮಾಡ್ಬೇಕಾದ್ದು. ಮುಂದಿನ ಒಂದು ತಿಂಗಳೊಳಗೆ ಒಬ್ಬ ಮಾರ್ಗದರ್ಶಿಯನ್ನ ಹುಡುಕು, ನಿನ್ನ ಧರ್ಮಕೇಂದ್ರದ ಫಾದರ್ ಹತ್ರ ಕೇಳಿದ್ರೆ ಯಾರನ್ನಾದ್ರೂ ಹೇಳ್ತಾರೆ, ತಿಂಗಳಿಗೊಂದು ಸಲ ಭೇಟಿ ಆಗು. ಬಲಿಪೂಜೆಗೆ ವಾರದ ಮಧ್ಯೆಯೂ ಒಂದೆರಡು ದಿನ ಹೋಗು, ದಿನಕ್ಕೆ ಅರ್ಧ ಗಂಟೆ ಶುಭಸಂದೇಶ ಇಟ್ಕೊಂಡು ಸುಮ್ನೆ ಕೂರು, ಗುರುತು ಕೇಳೋದನ್ನ ಸ್ವಲ್ಪ ದಿನ ಬಿಟ್ಟು "ಪ್ರಭುವೇ ನಾನು ಯಾವ ಉತ್ತರಕ್ಕೂ ಹೆದರದ ಹಾಗೆ ಮಾಡು" ಅಂತ ಕೇಳು. ಆರು ತಿಂಗಳಾದ್ಮೇಲೂ ಆಸೆ ನಿಂತಿದ್ರೆ ಎರಡು ಸಭೆಗಳಿಗೆ ಬರಿ. ಮೊದಲ ಪತ್ರದಲ್ಲಿ ಜೀವನ ಚರಿತ್ರೆ ಎಲ್ಲಾ ಬೇಡ, ನಿನ್ನ ವಯಸ್ಸು, ಓದು, ಕೆಲಸ, ಎಷ್ಟು ಕಾಲದಿಂದ ಈ ಆಸೆ ಇದೆ, ಒಂದು ವಾರ ಬಂದು ಇರ್ಬಹುದಾ ಅಂತ ಕೇಳು ಸಾಕು. ಲೋನ್ ಎಷ್ಟು ಬಾಕಿ ಇದೆ, ಯಾವಾಗ ತೀರತ್ತೆ, ಹೋದ ವರ್ಷ ಒಂದು ಸಂಬಂಧ ಮುರಿದಿದೆ, ಇದನ್ನ ಮೊದಲ ಭೇಟಿಯಲ್ಲೇ ಬಾಯಿಬಿಟ್ಟು ಹೇಳ್ಬಿಡು, ಅವರು ಅದನ್ನ ಹೇಗೆ ಕೇಳಿಸ್ಕೊಳ್ತಾರೆ ಅನ್ನೋದನ್ನೂ ನಿನ್ನ ನೋಟ್‌ಬುಕ್ಕಲ್ಲಿ ಬರೆದಿಟ್ಕೋ.